ರಸ್ತೆ ಸೊಗಸಾಗಿದೆ, ಕಣ್ಣಿಗೆ ಅಡ್ಡ ಬರುವ ಫಲಕಗಳನ್ನು ಸರಿಸಿ: ರೇಸಿಂಗ್ ಆಟ ರೂಪಿಸಿದವರಿಗೊಂದು ಬಹಿರಂಗ ಪತ್ರ

ಮೈಸೂರು

ಹೊಸ ರೇಸಿಂಗ್ ಆಟವನ್ನು ರೂಪಿಸಿದ ತಂಡದ ಎಲ್ಲರಿಗೂ,

ವಿಷಯ: ಆಟದ ವಿನ್ಯಾಸದಲ್ಲಿ ಉಳಿದಿರುವ ಕೆಲವು ಸಣ್ಣ ತೊಡಕುಗಳು.

ಮಾನ್ಯರೇ,

ನಾನು ಮೈಸೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮಷಿನ್ ಡ್ರಾಯಿಂಗ್ ಕಲಿಸುತ್ತಿರುವ ಮೇಷ್ಟ್ರು. ಹಗಲು ವಿದ್ಯಾರ್ಥಿಗಳ ಡ್ರಾಯಿಂಗ್ ಶೀಟುಗಳನ್ನು ತಿದ್ದುತ್ತೇನೆ, ರಾತ್ರಿ ಊಟವಾದ ಮೇಲೆ ಒಂದು ಗಂಟೆ ನಿಮ್ಮ ಆಟದಲ್ಲಿ ಕಾರು ಓಡಿಸುತ್ತೇನೆ. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಕೇಳುವವರು ಮನೆಯಲ್ಲೇ ಇದ್ದಾರೆ. ಅವರಿಗೆ ಕೊಡಬೇಕಾದ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಆಟದ ಹೆಸರನ್ನೂ ಬೇಕೆಂದೇ ಬರೆದಿಲ್ಲ. ಆಡಿದವರಿಗೆ ಮೊದಲ ಎರಡು ದೂರಿನಲ್ಲೇ ಅದು ಯಾವುದೆಂದು ತಿಳಿದುಹೋಗುತ್ತದೆ, ಆಡದವರು ದೂರನ್ನಷ್ಟೇ ಓದಿ ಕೊಳ್ಳುವುದನ್ನು ಕೈಬಿಡಬಾರದು. ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಸರಳವಾದದ್ದು: ನಿಮ್ಮ ಆಟವನ್ನು ಕನ್ನಡದವರೂ ಆಡುತ್ತಾರೆ, ಇದು ನನ್ನೊಬ್ಬನ ಗೊಣಗಾಟವೋ ಅವರದೂ ಹೌದೋ ಎಂಬುದನ್ನು ಅವರೂ ಓದಿ ಹೇಳಲಿ.

ಮೆಚ್ಚುಗೆಯನ್ನು ಮೊದಲೇ ಹೇಳಬೇಕು, ಏಕೆಂದರೆ ಅದು ದೂರಿಗಿಂತ ದೊಡ್ಡದು. ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ಸಂಜೆ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಸ್ಕೂಟರ್ ಇಳಿಸಿದವರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ. ಜೋರು ಮಳೆಗಿಂತ ಮಳೆಯ ಮೊದಲ ಹತ್ತು ನಿಮಿಷವೇ ಹೆಚ್ಚು ಅಪಾಯದ್ದು. ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತಿದ್ದ ಎಣ್ಣೆಯೂ ಧೂಳೂ ನೀರಿನೊಡನೆ ಕಲೆತು ಜಾರುತ್ತವೆ, ಆಮೇಲೆ ಮಳೆ ಅದನ್ನು ತೊಳೆದುಕೊಂಡು ಹೋದಮೇಲೆ ಚಕ್ರಕ್ಕೆ ತುಸು ಹಿಡಿತ ಮರಳುತ್ತದೆ. ನಿಮ್ಮ ಆಟದ ಗುಡ್ಡಗಾಡಿನ ಸರ್ಕೀಟಿನಲ್ಲಿ ಮಳೆ ಶುರುವಾದಾಗ ನಾನು ಇದನ್ನೇ ಕೈಯಲ್ಲಿ ಅನುಭವಿಸಿದೆ. ಮೊದಲ ಸುತ್ತಿನಲ್ಲಿ ಸ್ಟೇರಿಂಗ್ ಹಗುರಾಯಿತು, ಮುಂದಿನ ಚಕ್ರಗಳು ನನ್ನ ಮಾತು ಕೇಳಲಿಲ್ಲ, ಮೂರನೆಯ ಸುತ್ತಿಗೆ ಮಳೆ ಹೆಚ್ಚಾಗಿದ್ದರೂ ಕಾರು ಸ್ವಲ್ಪ ಸ್ಥಿಮಿತಕ್ಕೆ ಬಂತು. ಇದನ್ನು ಲೆಕ್ಕ ಹಾಕಿ ಆಟದೊಳಗೆ ಇಳಿಸಿದವರು ಯಾರೋ ನನಗೆ ತಿಳಿಯದು, ಆದರೆ ಅವರಿಗೆ ಮೈಸೂರಿನಿಂದ ಒಂದು ನಮಸ್ಕಾರ ಸಲ್ಲಬೇಕು. ಬ್ರೇಕ್ ಹಿಡಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದು, ತಿರುವಿಗೆ ಹೊರಗಿನಿಂದ ಒಳಕ್ಕೆ ಬಂದು ಮತ್ತೆ ಹೊರಕ್ಕೆ ತೆರೆದುಕೊಂಡರೆ ವೇಗ ಉಳಿಯುವುದು, ಮುಂದಿನ ಕಾರಿನ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿಯ ತಡೆ ಕಡಿಮೆಯಾಗುವುದು, ಎಲ್ಲವೂ ಸರಿಯಾಗಿದೆ.

ಇಷ್ಟು ಸೂಕ್ಷ್ಮ ಕೆಲಸ ಮಾಡಿದವರು ಕಾರಿನ ಒಳಗೆ ಕೂತವನ ಕಣ್ಣು ಕಿವಿಗಳ ವಿಷಯದಲ್ಲಿ ಏಕೆ ಇಷ್ಟು ಉದಾಸೀನರಾದರು ಎಂಬುದೇ ನನ್ನ ಪ್ರಶ್ನೆ.

ಮೊದಲನೆಯದು ಪರದೆಯ ಮೇಲೆ ಹಾರಿಬಂದು ಕೂರುವ ಫಲಕಗಳು. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 55 ಮೀಟರಿಗಿಂತ ಹೆಚ್ಚು ದೂರ ಕ್ರಮಿಸುತ್ತದೆ. ನಿಮ್ಮ ಫಲಕ ಮೂರು ಸೆಕೆಂಡು ನಿಲ್ಲುತ್ತದೆ. ಹಾಗಾದರೆ 165 ಮೀಟರಿಗೂ ಹೆಚ್ಚಿನ ರಸ್ತೆಯನ್ನು ನಾನು ಅರೆಗುರುಡನಾಗಿ ದಾಟಬೇಕು, ಏಕೆಂದರೆ ಫಲಕ ಬಂದು ಕೂರುವುದು ಪರದೆಯ ನಡುಭಾಗದಲ್ಲಿ, ರಸ್ತೆ ಎತ್ತ ತಿರುಗುತ್ತದೆ ಎಂಬುದು ಕಾಣಬೇಕಾದ ಜಾಗದಲ್ಲಿ. ಅದರಲ್ಲಿ ಬರೆದಿರುವುದೇನು? ಎಂಜಿನ್ ಕಾದಿದೆ ಎಂದೋ, ಹಿಂದಿನ ಕಾರು ಎಡದಿಂದ ನುಗ್ಗುತ್ತಿದೆ ಎಂದೋ ಇದ್ದರೆ ನಾನು ತಲೆಬಾಗಿ ಓದುತ್ತಿದ್ದೆ. ಇರುವುದು, ನನಗೆ ಹೊಸದೊಂದು ಹಾರ್ನ್ ದೊರೆತಿದೆ ಎಂಬ ಶುಭಸಮಾಚಾರ. ಆ ಹಾರ್ನ್ ಅನ್ನು ನಾನು ಇಲ್ಲಿಯವರೆಗೆ ಒಮ್ಮೆಯೂ ಒತ್ತಿಲ್ಲ, ಅದು ದೊರೆತ ಕ್ಷಣದಲ್ಲಿ ಗೋಡೆಗೆ ಗುದ್ದಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ನನ್ನ ಕಸುಬಿನ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಮಷಿನ್ ಡ್ರಾಯಿಂಗಿನಲ್ಲಿ ನಾವು ಮೊದಲ ವಾರ ಕಲಿಸುವುದು ಗೆರೆಗಳ ತೂಕ. ಯಂತ್ರದ ಭಾಗದ ಹೊರ ಅಂಚಿಗೆ ದಪ್ಪ ಗೆರೆ, ಅಳತೆ ತೋರಿಸುವುದಕ್ಕೆ ಸಣ್ಣ ಗೆರೆ, ಒಳಗೆ ಅಡಗಿದ ಅಂಚಿಗೆ ತುಂಡು ಗೆರೆ, ನಡುರೇಖೆಗೆ ಒಂದು ಉದ್ದ ಒಂದು ಗಿಡ್ಡ ಬರುವ ಸರಪಳಿ ಗೆರೆ. ಅಳತೆಯ ಗೆರೆಯನ್ನೂ ದಪ್ಪವಾಗಿ ಎಳೆದ ಹುಡುಗನ ಶೀಟು ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದರಲ್ಲಿ ಯಂತ್ರದ ಭಾಗ ಯಾವುದು, ಅಳತೆ ಯಾವುದು ಎಂಬುದು ಕಣ್ಣಿಗೆ ಬೀಳುವುದಿಲ್ಲ. ನಾನು ಅಂಥದ್ದನ್ನು ವಾಪಸು ಕೊಟ್ಟು ಮತ್ತೆ ಬರೆಸುತ್ತೇನೆ. ನಿಮ್ಮ ಪರದೆಯಲ್ಲಿ ವೇಗ, ಗೇರು, ಸುತ್ತಿನ ಎಣಿಕೆ, ನಾಲ್ವರು ಎದುರಾಳಿಗಳ ಹೆಸರು, ಇಂದಿನ ಸವಾಲು, ಈ ವಾರದ ಸವಾಲು, ಗೆಳೆಯರು ಯಾರು ಆಟಕ್ಕೆ ಬಂದರು ಎಂಬ ಸುದ್ದಿ, ಎಲ್ಲವನ್ನೂ ಒಂದೇ ದಪ್ಪದ ಗೆರೆಯಲ್ಲಿ ಎಳೆದಿದ್ದೀರಿ. 1982ರಲ್ಲಿ ನಾಮ್ಕೊ ಸಂಸ್ಥೆಯ ‘ಪೋಲ್ ಪೊಸಿಷನ್’ ರೇಸಿಂಗ್ ಆಟ ಬಂದಾಗ ಅಂಕ, ಸಮಯ, ಸುತ್ತು, ವೇಗ ಎಲ್ಲವೂ ಪರದೆಯ ಮೇಲಂಚಿನಲ್ಲಿ ಸಾಲಾಗಿ ನಿಂತಿದ್ದವು, ರಸ್ತೆಗೆ ರಸ್ತೆಯ ಜಾಗ ಉಳಿದಿತ್ತು. ಆಗಿನವರಿಗೆ ಹೆಚ್ಚು ತೋರಿಸುವ ಶಕ್ತಿ ಯಂತ್ರದಲ್ಲಿ ಇರಲಿಲ್ಲ ಎನ್ನಬಹುದು. ಶಕ್ತಿ ಬಂದಿದೆ ಎಂದ ಮಾತ್ರಕ್ಕೆ ಎಲ್ಲವನ್ನೂ ತೋರಿಸಲೇಬೇಕೆಂದೇನೂ ಇಲ್ಲವಲ್ಲ. ಹಾರ್ನ್ ದೊರೆತ ಸುದ್ದಿಯನ್ನು ಓಟ ಮುಗಿದ ಮೇಲೆ ಹೇಳಿ, ಸಂತೋಷವಾಗಿಯೇ ಓದುತ್ತೇನೆ.

ಎರಡನೆಯ ದೂರು ನನ್ನದಲ್ಲ, ಮಂಡ್ಯದಲ್ಲಿರುವ ನನ್ನ ತಂಗಿಯ ಮಗನದು. ಆದರೆ ಇಡೀ ಪತ್ರದಲ್ಲಿ ನೀವು ಒಂದನ್ನು ಮಾತ್ರ ಓದುವುದಾದರೆ ಇದನ್ನು ಓದಿ.

ರಸ್ತೆಯ ಮೇಲೆ ನೀವು ಒಂದು ದಾರಿಗೆರೆ ಎಳೆದಿದ್ದೀರಿ. ಹಸಿರಾಗಿದ್ದರೆ ವೇಗ ಹೆಚ್ಚಿಸಬಹುದು, ಹಳದಿಯಾದರೆ ಕಾಲು ತೆಗೆಯಬೇಕು, ಕೆಂಪಾದರೆ ಬ್ರೇಕ್ ಹಿಡಿಯಬೇಕು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ನನ್ನ ಸೋದರಳಿಯ ಮೊದಲ ಭಾನುವಾರ ಮನೆಗೆ ಬಂದು ಕಂಟ್ರೋಲರ್ ಹಿಡಿದ, ಒಂದೇ ತಿರುವಿನಲ್ಲಿ ನಾಲ್ಕು ಸಲ ಆಚೆಗೆ ಹಾರಿದ ಮೇಲೆ ನನ್ನ ಕಡೆ ತಿರುಗಿ, “ಗೆರೆ ಪೂರ್ತಾ ಒಂದೇ ತರ ಐತೆ ಕಣ್ ಮಾವ, ಎಲ್ಲಿ ಬ್ರೇಕ್ ಹಿಡೀಬೇಕೂಂತ ಹೆಂಗ್ ಗೊತ್ತಾಯ್ತದೆ?” ಎಂದ. ಅವನಿಗೆ ಕೆಂಪು ಹಸಿರಿನ ಬಣ್ಣಗುರುಡು ಇದೆ ಎಂಬುದು ನನಗೆ ಆಗ ನೆನಪಾಯಿತು. ಈ ಬಗೆಯ ವರ್ಣಾಂಧತೆಗೆ ಕಾರಣವಾದ ಜೀನುಗಳು ಎಕ್ಸ್ ಕ್ರೋಮೋಸೋಮಿನಲ್ಲಿವೆ. ಗಂಡಸರಿಗೆ ಆ ಕ್ರೋಮೋಸೋಮು ಒಂದೇ ಇರುವುದರಿಂದ ಹೆಂಗಸರಿಗಿಂತ ಅವರಲ್ಲಿ ಇದು ಬಹಳ ಹೆಚ್ಚು, ಅದೂ ತಾಯಿಯ ಕಡೆಯಿಂದ ಬರುವಂಥದ್ದು. ಅಂದರೆ ಅವನ ಕಣ್ಣಿಗೆ ಇದು ನಮ್ಮ ಮನೆಯಿಂದಲೇ ಹೋದ ಬಳುವಳಿ. ಸೋದರಮಾವನಾಗಿ ನಾನು ಅವನ ಪರವಾಗಿ ಪತ್ರ ಬರೆಯುವುದರಲ್ಲಿ ಸ್ವಲ್ಪ ಋಣ ತೀರಿಸುವ ಆಸೆಯೂ ಇದೆ.

ಅವನು ನಿಜವಾದ ರಸ್ತೆಯಲ್ಲಿ ಗಾಡಿ ಓಡಿಸುತ್ತಾನೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರೂ ಚಾಲನಾ ಪರವಾನಗಿ ಪಡೆಯುವಂತೆ ಮಾಡಿತು. ಸಿಗ್ನಲಿನಲ್ಲಿ ಕೆಂಪು ದೀಪ ಮೇಲೆ, ಹಸಿರು ದೀಪ ಕೆಳಗೆ ಇರುತ್ತದೆ. ಬಣ್ಣ ತಿಳಿಯದಿದ್ದರೂ ಉರಿಯುತ್ತಿರುವ ಜಾಗ ತಿಳಿಯುತ್ತದೆ. ಹೀಗೆ ಮಂಡ್ಯದಿಂದ ಮೈಸೂರಿಗೆ ಯಾವ ತಂಟೆಯೂ ಇಲ್ಲದೆ ಬರುವ ಹುಡುಗ, ನಮ್ಮ ಮನೆಯ ಹಜಾರದಲ್ಲಿ ನಿಮ್ಮ ಸರ್ಕೀಟಿನ ಮೊದಲ ತಿರುವನ್ನು ದಾಟಲಾರ.

ಸೆಟ್ಟಿಂಗ್ಸ್‌ನಲ್ಲಿ ಬಣ್ಣಗುರುಡಿಗೆಂದು ಒಂದು ಆಯ್ಕೆ ಇದೆ, ಅದನ್ನು ನಾವು ನೋಡಿದ್ದೇವೆ. ಅದು ಇಡೀ ಪರದೆಯ ಮೇಲೆ ಬಣ್ಣದ ಪೊರೆಯೊಂದನ್ನು ಎಳೆಯುತ್ತದೆ. ಹುಲ್ಲು ನೇರಳೆಯಾಗುತ್ತದೆ, ಮಣ್ಣು ಗುಲಾಬಿಯಾಗುತ್ತದೆ, ನೀವು ಅಷ್ಟು ಮುತುವರ್ಜಿಯಿಂದ ಬರೆದ ಸಂಜೆಯ ಆಕಾಶ ಹಾಳಾಗುತ್ತದೆ, ಇಷ್ಟಾದರೂ ದಾರಿಗೆರೆಯ ಮೂರು ಬಣ್ಣಗಳು ಅವನ ಕಣ್ಣಿಗೆ ಬೇರೆ ಬೇರೆಯಾಗಿ ನಿಲ್ಲುವುದಿಲ್ಲ. ಲೋಕವನ್ನೆಲ್ಲ ಬಣ್ಣ ಬದಲಿಸುವ ಬದಲು ಗೆರೆಯೊಂದನ್ನು ಬದಲಿಸಿದ್ದರೆ ಸಾಕಿತ್ತು. ಗೆರೆಗೆ ನೀಲಿ ಮತ್ತು ಕಿತ್ತಳೆಯನ್ನು ಆರಿಸಿಕೊಳ್ಳುವ ಅವಕಾಶ ಕೊಟ್ಟರೂ ಅವನಂಥವರಲ್ಲಿ ಹೆಚ್ಚಿನವರಿಗೆ ನಡೆಯುತ್ತದೆ. ಅದಕ್ಕಿಂತ ಒಳ್ಳೆಯದು ಬಣ್ಣದ ಹಂಗನ್ನೇ ಬಿಡುವುದು. ನಮ್ಮ ಡ್ರಾಯಿಂಗ್ ಶೀಟಿನಲ್ಲಿ ಇರುವುದು ಪೆನ್ಸಿಲ್ಲಿನ ಕಪ್ಪು ಒಂದೇ. ಆದರೂ ಅಂಚು ಯಾವುದು, ಅಡಗಿದ್ದು ಯಾವುದು, ನಡು ಯಾವುದು ಎಂದು ತಿಳಿಯದೆ ಯಾವ ಫಿಟ್ಟರನೂ ಕೈಕಟ್ಟಿ ಕೂತಿಲ್ಲ. ಬ್ರೇಕ್ ಹಿಡಿಯಬೇಕಾದ ಕಡೆ ಗೆರೆಯನ್ನು ತುಂಡು ತುಂಡಾಗಿಸಿ, ವೇಗ ತಗ್ಗಿಸಬೇಕಾದ ಕಡೆ ಸಣ್ಣದಾಗಿಸಿ, ಮಿಕ್ಕ ಕಡೆ ದಪ್ಪವಾಗಿ ಬಿಡಿ. ನೀವು ಅದನ್ನು ಮಾಡುವ ತನಕ ನಾನು ಸುಮ್ಮನೆ ಕೂತಿಲ್ಲ: ಒಂದೊಂದು ಸರ್ಕೀಟಿನ ನಕ್ಷೆಯನ್ನು 2ಎಚ್ ಪೆನ್ಸಿಲ್ಲಿನಲ್ಲಿ ಶೀಟಿನ ಮೇಲೆ ಬರೆದು, ಬ್ರೇಕಿನ ಜಾಗಕ್ಕೆಲ್ಲ ತುಂಡು ಗೆರೆ ಹಾಕಿ, ಟಿವಿಯ ಕೆಳಗೆ ಅಂಟಿಸುತ್ತಿದ್ದೇನೆ. ‘ಬಿಳಿ ಗೋಡೆ ಕಂಡರೆ ಬ್ರೇಕ್, ಒಂಟಿ ಮರ ದಾಟಿದರೆ ಮೂರನೆಯ ಗೇರು’ ಎಂದು ಅವನು ಅದರ ಪಕ್ಕದಲ್ಲಿ ಬರೆದುಕೊಳ್ಳುತ್ತಾನೆ.

ಇನ್ನು ಕಿವಿಯ ವಿಷಯ. ಆಟದಲ್ಲಿ ಒಬ್ಬ ಜೊತೆಗಾರನ ದನಿ ಇದೆ. ನಾನು ಚೆನ್ನಾಗಿ ಓಡಿಸಿದರೆ ಹೊಗಳುತ್ತಾನೆ, ಕೆಟ್ಟದಾಗಿ ಓಡಿಸಿದರೂ ಹೊಗಳುತ್ತಾನೆ, ಗೋಡೆಗೆ ಗುದ್ದಿದರೆ ಇದು ಕಲಿಕೆಯ ಭಾಗ ಎನ್ನುತ್ತಾನೆ. ಅದೇ ಮೂವತ್ತು ನಲವತ್ತು ವಾಕ್ಯಗಳು ಸುತ್ತಿ ಸುತ್ತಿ ಬರುತ್ತವೆ. ಮಂಡ್ಯದ ಕಡೆ ಜೋಡೆತ್ತಿನ ಗಾಡಿ ಓಟ ನೋಡಿದವರಿಗೆ ಗೊತ್ತಿದೆ, ಮೈಕು ಹಿಡಿದು ಕೂಗುವವನು ಅಂಕಣದ ಆಚೆ ನಿಂತು ಕೂಗುತ್ತಾನೆಯೇ ಹೊರತು ಗಾಡಿ ಹತ್ತಿ ಹೊಡೆಯುವವನ ಕಿವಿಯ ಪಕ್ಕ ಕೂರುವುದಿಲ್ಲ. ಇವನನ್ನು ಇಳಿಸೋಣವೆಂದರೆ ದನಿಯ ಪಟ್ಟಿಯಲ್ಲಿ ಇರುವುದು ಎರಡೇ: ಸಂಗೀತ ಒಂದು, ಉಳಿದೆಲ್ಲ ಸದ್ದು ಒಂದು. ಜೊತೆಗಾರನ ಬಾಯಿ ಮುಚ್ಚಿಸಿದರೆ ಎಂಜಿನ್ನಿನ ಬಾಯಿಯೂ ಮುಚ್ಚಿಹೋಗುತ್ತದೆ. ನನ್ನ ಹಾಗೆ ಗೇರನ್ನು ಕೈಯಿಂದಲೇ ಬದಲಿಸುವವರು ಮೀಟರಿನ ಮುಳ್ಳನ್ನು ನೋಡಿ ಬದಲಿಸುವುದಿಲ್ಲ, ಎಂಜಿನ್ನಿನ ಸ್ವರ ಏರುವುದನ್ನು ಕೇಳಿ ಬದಲಿಸುತ್ತಾರೆ. ಟೈರು ಜಾರುವ ಮೊದಲು ಕಿರುಗುಟ್ಟುತ್ತದೆ, ಆ ಕಿರುಗುಟ್ಟುವಿಕೆಯ ಗಡಿಯಲ್ಲೇ ಕಾರನ್ನು ಹಿಡಿದಿಟ್ಟುಕೊಳ್ಳುವುದು ಈ ಆಟದ ಅರ್ಧ ಸುಖ. ಸಂಗೀತಕ್ಕೆ, ಮಾತಿಗೆ, ಎಂಜಿನ್ನಿಗೆ, ಟೈರಿಗೆ ಬೇರೆ ಬೇರೆ ಪಟ್ಟಿ ಕೊಡಿ. ಸಂಗೀತದ ಬಗ್ಗೆ ನನಗೆ ಅಭಿಪ್ರಾಯವಿದೆ, ಅದು ರುಚಿಯ ಪ್ರಶ್ನೆಯಾದ್ದರಿಂದ ಬಿಡುತ್ತೇನೆ.

ಓಟವನ್ನು ಮತ್ತೆ ಮೊದಲಿನಿಂದ ಆರಂಭಿಸುವುದಕ್ಕೆ ಎಷ್ಟು ಹೊತ್ತು ಬೇಕು ಎಂಬುದನ್ನು ನಾನು ಗಡಿಯಾರ ಹಿಡಿದು ನೋಡಿದ್ದೇನೆ. ಆಟ ನಿಲ್ಲಿಸಬೇಕು, ಪಟ್ಟಿಯಲ್ಲಿ ಐದನೆಯ ಸಾಲಿಗೆ ಇಳಿಯಬೇಕು, ಖಚಿತವೇ ಎಂದು ಕೇಳಿದರೆ ಹೌದೆನ್ನಬೇಕು, ಸರ್ಕೀಟು ಇನ್ನೊಮ್ಮೆ ಲೋಡ್ ಆಗುವುದನ್ನು ಕಾಯಬೇಕು, ಆಮೇಲೆ ಕ್ಯಾಮೆರಾ ನನ್ನದೇ ಕಾರನ್ನು ನನಗೇ ತೋರಿಸುತ್ತಾ ಪ್ರದಕ್ಷಿಣೆ ಹಾಕುವುದನ್ನು ನೋಡಬೇಕು, ಕೊನೆಗೆ ಮೂರು ಎರಡು ಒಂದು. ಒಟ್ಟು 48 ಸೆಕೆಂಡು. ಓಟ ಇರುವುದೇ ಒಂದೂವರೆ ನಿಮಿಷ. ತೊಂಬತ್ತರ ದಶಕದ ಕೊನೆಯಲ್ಲಿ ಸರಸ್ವತಿಪುರಂನ ಕಂಪ್ಯೂಟರ್ ಸೆಂಟರಿನಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ‘ರೋಡ್ ರ್‍ಯಾಷ್’ ಆಡಿದ ಪೀಳಿಗೆಯವನು ನಾನು. ಬೈಕಿನಿಂದ ಬಿದ್ದವನು ಎದ್ದು ರಸ್ತೆಯ ಮೇಲೆ ಓಡೋಡಿ ಬೈಕು ಹತ್ತುವುದನ್ನು ಕಾಯುವುದಕ್ಕೂ ಜೇಬಿನ ಲೆಕ್ಕ ಹಾಕುತ್ತಿದ್ದೆವು. ಈಗ ಆ ಲೆಕ್ಕವಿಲ್ಲ, ಒಪ್ಪಿದೆ. ಆದರೂ ಸೋತವನು ಮತ್ತೆ ಓಡಬೇಕೆನ್ನುವ ಹುಮ್ಮಸ್ಸು ಹತ್ತು ಸೆಕೆಂಡಿನದು, 48 ಸೆಕೆಂಡಿಗೆ ಅದು ಆರಿಹೋಗಿ ನಾಳೆ ಬೆಳಗ್ಗೆ ಮೊದಲ ಪೀರಿಯಡ್ ಇದೆ ಎಂಬುದು ನೆನಪಾಗುತ್ತದೆ. ನನ್ನ ಹೆಂಡತಿ ನಿಮ್ಮ ಆಟದಲ್ಲಿ ಮೆಚ್ಚಿಕೊಂಡಿರುವ ಅಂಶ ಇದೊಂದೇ ಎಂಬುದನ್ನೂ ಪ್ರಾಮಾಣಿಕವಾಗಿ ದಾಖಲಿಸುತ್ತೇನೆ.

ಓಟದಲ್ಲಿ ಕೆಲವು ಕ್ಷಣ ಹಿಂದಕ್ಕೆ ಹೋಗುವ ಗುಂಡಿಯನ್ನು ನೀವು ಕೊಟ್ಟಿದ್ದೀರಲ್ಲ ಎನ್ನಬಹುದು. 2008ರ ‘ರೇಸ್ ಡ್ರೈವರ್: ಗ್ರಿಡ್’ ಆಟದಲ್ಲಿ ಅಂಥ ಸೌಕರ್ಯ ನೋಡಿದಾಗಿನಿಂದ ನಾನು ಅದರ ಅಭಿಮಾನಿ, ತಪ್ಪಿದ ತಿರುವನ್ನು ತಕ್ಷಣ ಇನ್ನೊಮ್ಮೆ ಓಡಿಸಿ ಕಲಿಯುವಂಥ ಪಾಠ ಬೇರೊಂದಿಲ್ಲ. ಆದರೆ ಆ ಗುಂಡಿ ಗೇರು ಇಳಿಸುವ ಗುಂಡಿಗೆ ತಾಗಿಕೊಂಡಿದೆ, ಬೇರೆ ಕಡೆಗೆ ಬದಲಾಯಿಸಿಕೊಳ್ಳಲು ಅವಕಾಶವಿಲ್ಲ. ಮೊದಲ ಸ್ಥಾನದಲ್ಲಿ ಕೊನೆಯ ತಿರುವಿಗೆ ಬಂದು ಎರಡನೆಯ ಗೇರಿಗೆ ಇಳಿಯಹೋದವನು ಕಾಲಚಕ್ರವನ್ನೇ ಹಿಂದಕ್ಕೆ ತಿರುಗಿಸಿಬಿಟ್ಟರೆ ಆಗುವ ಸಂಕಟವನ್ನು ನೀವೂ ಪಟ್ಟಿರಬಹುದು.

ಈ ಗುಂಡಿಯ ನೆಪದಲ್ಲೇ ಇನ್ನೊಂದು ಮಾತು. ನಿಮ್ಮ ದೀರ್ಘ ಓಟಗಳು ನಲವತ್ತು ನಿಮಿಷದವು, ಮತ್ತು ಓಟ ಮುಗಿಯುವ ತನಕ ಏನೂ ಉಳಿಸಿಕೊಳ್ಳಲಾಗುವುದಿಲ್ಲ. ಆಷಾಢದ ಗಾಳಿಗೆ ನಮ್ಮ ಬೀದಿಯ ಮರದ ಕೊಂಬೆ ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ, ಮೂವತ್ತೈದನೆಯ ನಿಮಿಷದಲ್ಲಿದ್ದ ನನ್ನ ಓಟ ಗಾಳಿಯ ಪಾಲಾಗುತ್ತದೆ. ಮಳೆಗಾಲದಲ್ಲಿ ಹೀಗೆ ಮೂರು ಸಲ ಆದ ಮೇಲೆ ನಾನು ಯುಪಿಎಸ್ ಕೊಂಡೆ, ನೀವು ಹೇಳಿದ ಬೆಲೆಗೆ ಅದನ್ನೂ ಸೇರಿಸಿಕೊಂಡು ಆಟದ ಲೆಕ್ಕ ಹಾಕಬೇಕು. ಓಟದ ನಡುವೆ ಉಳಿಸುವುದು ಕಷ್ಟ ಎಂಬ ಉತ್ತರ ಬರಬಹುದೆಂದು ಇದನ್ನು ಹೇಳುತ್ತಿದ್ದೇನೆ: ಹಿಂದಕ್ಕೆ ಹೋಗುವ ಗುಂಡಿ ಕೆಲಸ ಮಾಡಬೇಕಾದರೆ ಎಲ್ಲ ಕಾರುಗಳು ಎಲ್ಲಿದ್ದವು, ಎಷ್ಟು ವೇಗದಲ್ಲಿದ್ದವು, ಟೈರು ಎಷ್ಟು ಸವೆದಿತ್ತು ಎಂಬ ವಿವರವನ್ನು ನಿಮ್ಮ ಆಟ ಹೇಗೂ ಕ್ಷಣಕ್ಷಣಕ್ಕೆ ನೆನಪಿನಲ್ಲಿ ಇಟ್ಟುಕೊಂಡೇ ಇರುತ್ತದೆ. ಅದೇ ವಿವರವನ್ನು ಪ್ರತಿ ಸುತ್ತು ಮುಗಿದಾಗ ಒಮ್ಮೆ ಡಿಸ್ಕಿಗೆ ಬರೆದಿಟ್ಟರೆ ಕರೆಂಟು ಹೋದವನು ಕಳೆದುಕೊಳ್ಳುವುದು ಒಂದು ಸುತ್ತನ್ನು ಮಾತ್ರ.

ಉಳಿದವು ಚಿಲ್ಲರೆ. ಕಾರು ಹೊಂದಿಸುವ ಪುಟದ ಅಕ್ಷರಗಳು ಎಷ್ಟು ಸಣ್ಣವೆಂದರೆ ಟೈರಿನ ಗಾಳಿಯನ್ನು ಬದಲಿಸಲು ನಾನು ಸೋಫಾ ಬಿಟ್ಟೆದ್ದು ಟಿವಿಯ ಮುಂದೆ ಮೊಣಕಾಲೂರಬೇಕಾಗುತ್ತದೆ. ನಂಬರ್ ಪ್ಲೇಟಿಗೆ ನಮಗೆ ಬೇಕಾದುದನ್ನು ಬರೆಯಬಹುದು ಎಂದಿದ್ದೀರಿ, ಆದರೆ ಎಂಟೇ ಮನೆ ಕೊಟ್ಟಿದ್ದೀರಿ. ನಮ್ಮ ಗಾಡಿಗಳ ನಂಬರಿನಲ್ಲಿ ರಾಜ್ಯಕ್ಕೆ ಎರಡು ಅಕ್ಷರ, ಊರಿಗೆ ಎರಡು ಅಂಕಿ, ಸರಣಿಗೆ ಎರಡು ಅಕ್ಷರ, ಮೇಲೆ ನಾಲ್ಕು ಅಂಕಿ, ಒಟ್ಟು ಹತ್ತು. ಮೈಸೂರಿನ 09 ಅಥವಾ 55 ಹಾಕಿಕೊಂಡು ನಿಮ್ಮ ಆಲ್ಪ್ಸ್ ಪರ್ವತದಲ್ಲಿ ಓಡಾಡಬೇಕೆಂಬ ನನ್ನ ಆಸೆಯೂ, ಮಂಡ್ಯದ 11 ಹಾಕಿಕೊಳ್ಳಬೇಕೆಂಬ ಸೋದರಳಿಯನ ಆಸೆಯೂ ಕೊನೆಯ ಎರಡು ಅಂಕಿಗಳಿಗಾಗಿ ನಿಂತುಹೋಗಿವೆ. ಆಟಗಾರನ ಹೆಸರನ್ನು ಕನ್ನಡದಲ್ಲಿ ಬರೆದರೆ ಖಾಲಿ ಚೌಕಗಳು ಕಾಣುತ್ತವೆ. ಜಗತ್ತಿನ ಲಿಪಿಗಳನ್ನು ಕಂಪ್ಯೂಟರಿಗೆ ತಿಳಿಸುವ ಯೂನಿಕೋಡ್ ಮಾನದಂಡ 1991ರಲ್ಲಿ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡವನ್ನು ಸೇರಿಸಿಕೊಂಡಿತ್ತು, ನೋಟೋದಂಥ ಅಕ್ಷರಶೈಲಿಗಳೂ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವ ಹಾರ್ಫ್‌ಬಜ್ ತಂತ್ರಾಂಶವೂ ಉಚಿತವಾಗಿ ಸಿಗುತ್ತವೆ. ಇಡೀ ಆಟವನ್ನು ಕನ್ನಡಕ್ಕೆ ತನ್ನಿ ಎಂದು ಈ ಪತ್ರದಲ್ಲಿ ಕೇಳುತ್ತಿಲ್ಲ, ಅದಕ್ಕೆ ಬೇರೆಯೇ ಪತ್ರ ಬೇಕು. ಒಬ್ಬ ಮನುಷ್ಯ ತನ್ನ ಹೆಸರು ಬರೆದರೆ ಅದು ಹೆಸರಾಗಿ ಕಾಣಲಿ.

ಇವುಗಳಲ್ಲಿ ಯಾವುದಕ್ಕೂ ಕಾರಿನ ಓಟವನ್ನು ನೀವು ಮುಟ್ಟಬೇಕಾಗಿಲ್ಲ, ದಯವಿಟ್ಟು ಮುಟ್ಟಲೂಬೇಡಿ. ಎಲ್ಲವನ್ನೂ ಒಂದೇ ಅಪ್‌ಡೇಟಿನಲ್ಲಿ ಸರಿಪಡಿಸಲು ಆಗದಿದ್ದರೆ ದಾರಿಗೆರೆಯನ್ನು ಮೊದಲು ತಿದ್ದಿ. ಹಾರ್ನ್ ಫಲಕವನ್ನೂ ಜೊತೆಗಾರನನ್ನೂ ನಾನು ಇನ್ನೂ ಕೆಲವು ತಿಂಗಳು ಸಹಿಸಿಕೊಳ್ಳಬಲ್ಲೆ. ಆಟದ ಹದಿನೇಳು ಸರ್ಕೀಟುಗಳಲ್ಲಿ ಹನ್ನೊಂದರ ನಕ್ಷೆ ಬರೆದು ಮುಗಿಸಿದ್ದೇನೆ, ಆರು ಬಾಕಿ ಇವೆ, ಹುಡುಗ ಬರುವ ಭಾನುವಾರಕ್ಕೆ ಮಳೆಯ ಗುಡ್ಡದ ಸರ್ಕೀಟು ಬೇಕೆಂದು ಕೇಳಿದ್ದಾನೆ. ಅದರಲ್ಲಿ ಇಪ್ಪತ್ತಮೂರು ತಿರುವುಗಳಿವೆ.

ಇಂತಿ,
ನಿಮ್ಮ ಆಟದ ಒಬ್ಬ ಆಟಗಾರ,
ಮೈಸೂರು